ಹತ್ತೂಕಾಲಿನ ಊಟ

ನಮ್ಮ ಬೀದಿಯಲ್ಲಿ ಶಾಲೆಯ ಕಟ್ಟಡ ಒಂದು. ಶಾಲೆ ಎರಡು. ಕೆಳಗಿನ ಎರಡು ಅಂತಸ್ತು ಸರ್ಕಾರಿ ಶಾಲೆಗೆ, ಮೇಲಿನ ಎರಡು ಚಾರ್ಟರ್ ಶಾಲೆಗೆ. ದುಡ್ಡು ಎರಡಕ್ಕೂ ಸರ್ಕಾರದ್ದೇ. ಆದರೆ ಮೇಲಿನದನ್ನು ನಡೆಸುವುದು ನದಿಯಾಚೆಯ ಕೋಟುಧಾರಿಗಳ ಒಂದು ಮಂಡಳಿ. ಅದಕ್ಕೆ ಉದ್ದದ ಹೆಸರಿದೆ. ಅದರಲ್ಲಿ ಶಿಖರ, ಭರವಸೆ, ನಾಯಕತ್ವ ಮೂರೂ ಬರುತ್ತವೆ. ಬ್ರೂಕ್ಲಿನ್ನಿನ ಈ ಮೂಲೆಯಲ್ಲಿ ಅಷ್ಟುದ್ದ ಹೆಸರು ಹೇಳುವ ಪುರುಸೊತ್ತು ಯಾರಿಗೂ ಇಲ್ಲ. ಮೇಲಿನ ಶಾಲೆ, ಕೆಳಗಿನ ಶಾಲೆ. ಅಷ್ಟೇ.

ಮೆಟ್ಟಿಲೂ ಬೇರೆ ಬೇರೆ. ಮೇಲಿನವರ ಮೆಟ್ಟಿಲಿಗೆ ಪ್ರತಿ ಬೇಸಿಗೆಯಲ್ಲಿ ಹಳದಿ ಬಣ್ಣ ಬಳಿಯುತ್ತಾರೆ. ಕೆಳಗಿನ ಮಕ್ಕಳು ಅದನ್ನು ತುಳಿಯುವಂತಿಲ್ಲ. ಊಟದ ಹಾಲ್ ಮಾತ್ರ ಒಂದೇ. ಅದರಲ್ಲಿ ಹನ್ನೆರಡು ಗಂಟೆಯ ಹೊತ್ತು ಮೇಲಿನವರದ್ದು. ಕೆಳಗಿನ ಮಕ್ಕಳು ಹತ್ತೂಕಾಲಿಗೆ ಊಟ ಮಾಡಬೇಕು. ಬೆಳಗ್ಗೆ ಕುಡಿದ ಹಾಲು ಹೊಟ್ಟೆಯಲ್ಲಿ ಇನ್ನೂ ಕುಲುಕುತ್ತಿರುವಾಗ ಪಿಜ್ಜಾ ತಿನ್ನಬೇಕು. ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಆ ಮಕ್ಕಳು ಬಾಗಿಲನ್ನೇ ಕಚ್ಚಿ ತಿನ್ನುವಷ್ಟು ಹಸಿದಿರುತ್ತಾರೆ.

ಗೇಟಿನ ಮೇಲೆ ಮೇಲಿನ ಶಾಲೆಯವರ ಬ್ಯಾನರು: "ಅದೇ ಬೀದಿ. ಅದೇ ಮಕ್ಕಳು. ಬೇರೆ ಫಲಿತಾಂಶ." ಪರೀಕ್ಷೆಯಲ್ಲಿ ಮೇಲಿನವರು ಹೆಚ್ಚುಕಮ್ಮಿ ಎಲ್ಲರೂ ಪಾಸು, ಕೆಳಗಿನವರು ಹೆಚ್ಚುಕಮ್ಮಿ ಎಲ್ಲರೂ ಫೇಲು. ಪತ್ರಿಕೆಯವರು ಬರುತ್ತಾರೆ, ಬ್ಯಾನರಿನ ಫೋಟೋ ಹೊಡೆಯುತ್ತಾರೆ, ಹೋಗುತ್ತಾರೆ. ಎದುರಿಗೇ ನನ್ನ ಅಂಗಡಿ. ಒಬ್ಬನಾದರೂ ರಸ್ತೆ ದಾಟಿ ಬಂದು, ಅದೇ ಮಕ್ಕಳು ಹೌದೇನಮ್ಮ ಎಂದು ನನ್ನನ್ನು ಕೇಳಲಿಲ್ಲ. ಕೇಳದಿದ್ದರೂ ಈಗ ನಾನೇ ಹೇಳುತ್ತೇನೆ.

ನನ್ನ ಹೆಸರು ವರ್ಡೀನ್. ಜಡೆ ಹೆಣೆಯುವವಳು. ನಮ್ಮ ಕಪ್ಪು ಜನರ ಕೂದಲನ್ನು ನೆತ್ತಿಗೆ ಅಂಟಿದ ಹಾಗೆ ಸಾಲುಸಾಲಾಗಿ ಹೆಣೆಯುವುದು ಆಟವಲ್ಲ. ಒಂದು ತಲೆ ಮುಗಿಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ, ಸೊಂಟವೂ ಹೋಗುತ್ತದೆ. ಬೆರಳ ಗೆಣ್ಣುಗಳು ಊದಿಕೊಂಡಿವೆ. ಬೆಳಗ್ಗೆ ಬಿಸಿನೀರಿನಲ್ಲಿ ಅದ್ದಿ ಇಡದಿದ್ದರೆ ಚಹಾದ ಲೋಟವೂ ಕೈಯಲ್ಲಿ ನಿಲ್ಲುವುದಿಲ್ಲ. ಆದರೂ ಈ ಬೀದಿಯ ಹೆಣ್ಣುಮಕ್ಕಳೆಲ್ಲ ನನ್ನ ಎರಡು ಮಂಡಿಗಳ ನಡುವೆ ಕೂತು ಬೆಳೆದವರು. ಹೆಣೆಯುವಾಗ ನಾನು ಗುನುಗುತ್ತೇನೆ. ಹಾಡಲ್ಲ, ಪದವಿಲ್ಲ, ನನ್ನ ಅಮ್ಮ ಗುನುಗುತ್ತಿದ್ದಳು, ನಾನೂ ಗುನುಗುತ್ತೇನೆ. ನೋವು ತಡೆಯಲಾಗದೆ ಅಳುವ ಮಕ್ಕಳು ಅದನ್ನು ಕೇಳುತ್ತ ಸುಮ್ಮನಾಗುತ್ತಾರೆ.

ನನ್ನ ಮೊಮ್ಮಗಳು ಕಿಯೊನಾ ಆ ಗುನುಗನ್ನು ಹಾಲಿನ ಜೊತೆ ಕುಡಿದವಳು. ಏಳು ವರ್ಷ. ಅವಳ ತಾಯಿ, ನನ್ನ ಮಗಳು ಲಾವೊನ್, ನ್ಯೂಜೆರ್ಸಿಯ ವೃದ್ಧಾಶ್ರಮವೊಂದರಲ್ಲಿ ಕಂಡವರ ಮುದುಕರನ್ನು ಎತ್ತಿ ಇಳಿಸುತ್ತಾಳೆ, ಭಾನುವಾರ ಬಂದು ತನ್ನ ಮಗಳ ಮುಖ ನೋಡುತ್ತಾಳೆ. ಕಿಯೊನಾಳಿಗೆ ಮಾತು ತೊದಲು. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಅವಳು ಸ್ವಲ್ಪ ಗುನುಗುತ್ತಾಳೆ, ಗುನುಗಿನ ಬೆನ್ನಿಗೆ ಮಾತು ಜಾರಿ ಬರುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ತಾನೇ ಕಂಡುಕೊಂಡಳು.

ಮೇಲಿನ ಶಾಲೆಗೆ ಸೇರಬೇಕಾದರೆ ಲಾಟರಿ. ಲಾಟರಿಯಲ್ಲಿ ಮೋಸವಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮೋಸವೆಲ್ಲ ಲಾಟರಿಗೆ ಮೊದಲು ಇದೆ, ಲಾಟರಿ ಆದಮೇಲೆ ಇದೆ. ಹೆಸರು ಕೊಡಬೇಕೆಂದು ಗೊತ್ತಿರುವವರು ಕೊಡುತ್ತಾರೆ. ಆಶ್ರಯಕೇಂದ್ರದಲ್ಲಿ ಹಾಸಿಗೆಗೆ ಸಾಲು ನಿಂತ ತಾಯಿಗೆ ಅದು ಗೊತ್ತಾಗುವುದಿಲ್ಲ. ನಿನ್ನೆ ಹೊಂಡುರಾಸಿನಿಂದ ಬಂದಿಳಿದವಳಿಗೆ ಇಂಗ್ಲಿಷಿನ ಪ್ರಕಟಣೆ ಓದಲು ಬರುವುದಿಲ್ಲ. ಅವರ ಮಕ್ಕಳು ನೇರವಾಗಿ ಕೆಳಗೆ. ನನಗೆ ಗೊತ್ತಿತ್ತು, ಕೊಟ್ಟೆ. ಜಿಮ್ ಹಾಲಿನಲ್ಲಿ ಕಿಯೊನಾಳ ಹೆಸರು ಕೂಗಿದಾಗ ಇಡೀ ಬೀದಿಗೆ ಕೇಳುವಂತೆ ಕಿರುಚಿಕೊಂಡೆ. ಪಕ್ಕದಲ್ಲಿ ಹೆಸರು ಬಾರದ ತಾಯಿಯೊಬ್ಬಳು ಅಳುತ್ತಿದ್ದಳು. ನಾನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಗೆದ್ದವರು ನೋಡುವುದಿಲ್ಲ.

ಮೊದಲ ವಾರವೇ ಹೇಳಿ ಕಳಿಸಿದರು, ಜಡೆಯ ತುದಿಯ ಮಣಿಗಳನ್ನು ತೆಗೆಯಿರಿ ಎಂದು. ಮಣಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವಂತೆ, ಸದ್ದಾದರೆ ಏಕಾಗ್ರತೆ ಹಾಳಂತೆ. ಆ ಶನಿವಾರ ನಾನೇ ಕೂರಿಸಿದ ಮಣಿಗಳನ್ನು ನಾನೇ ಕತ್ತರಿಸಿ ತೆಗೆದೆ. ಕಿಯೊನಾಳ ತಲೆಯಿಂದ, ಅಕ್ಕಪಕ್ಕದ ಹುಡುಗಿಯರ ತಲೆಯಿಂದ. ಕೆಂಪು, ನೀಲಿ, ಬಿಳಿ ಮಣಿಗಳು ಒಂದು ಡಬ್ಬಿ ತುಂಬಿದವು. ಓದು ಬರುತ್ತದೆ ಅಂದರೆ ಮಣಿ ಹೋಗಲಿ ಬಿಡಿ ಎಂದು ತಾಯಂದಿರಿಗೆ ನಾನೇ ಸಮಾಧಾನ ಹೇಳಿದೆ.

ಆಮೇಲೆ ಬಂತು ಗುಳ್ಳೆ. ಮೇಲಿನ ಶಾಲೆಯ ಮಕ್ಕಳು ತರಗತಿಯಿಂದ ಹೊರಗೆ ಕಾಲಿಟ್ಟರೆ ಬಾಯಿ ತುಂಬ ಗಾಳಿ ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಾಲಿನಲ್ಲಿ ನಡೆಯಬೇಕು. ಮೇಡಂ "ಗುಳ್ಳೆ" ಅಂದರೆ ತುಂಬಿಕೊಳ್ಳಬೇಕು, "ಬಿಡಿ" ಅಂದರೆ ಬಿಡಬೇಕು. ಬಾಯಲ್ಲಿ ಗಾಳಿ ಇದ್ದರೆ ಮಾತು ಬರುವುದಿಲ್ಲವಲ್ಲ, ಅದಕ್ಕೆ. ನಾಯಕತ್ವ ಕಲಿಯುವುದು ಹೀಗಂತೆ. ಆ ಕೋಟುಧಾರಿಗಳ ಮಕ್ಕಳು ಓದುವ ಶಾಲೆಯಲ್ಲಿ ಯಾರಾದರೂ ಬಾಯಿ ಉಬ್ಬಿಸಿಕೊಂಡು ನಡೆಯುತ್ತಾರೋ ಇಲ್ಲವೋ ನಾನು ಕಾಣೆ. ನಮ್ಮ ಮಕ್ಕಳು ಮಾತ್ರ ಮಂಗನಬಾವು ಬಂದವರಂತೆ ಮೆಟ್ಟಿಲು ಹತ್ತುತ್ತಿದ್ದರು.

ಕೆನ್ನೆ ಉಬ್ಬಿಸಿಕೊಂಡರೂ ಮೂಗಿನಿಂದ ಗುನುಗು ಬರುತ್ತದೆ. ಬೇಕಾದರೆ ನೀವೂ ಮಾಡಿ ನೋಡಿ. ಕಿಯೊನಾಳಿಗೆ ಹೆದರಿಕೆಯಾದರೆ ಗುನುಗು ತಾನಾಗಿಯೇ ಹೊರಡುತ್ತದೆ. ಅವಳು ಗುಳ್ಳೆ ಹಿಡಿದಿದ್ದಳು, ಗುನುಗುತ್ತಲೂ ಇದ್ದಳು. ಶುರುವಾಯಿತು ಫೋನು.

ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. ಬಂದು ಮಗುವನ್ನು ಕರೆದುಕೊಂಡು ಹೋಗಿ, ಇವತ್ತು ಅವಳಿಗೆ ಸಾಲಿನಲ್ಲಿ ನಿಲ್ಲಲಾಗುತ್ತಿಲ್ಲ. ಇವತ್ತು ಸದ್ದು ಮಾಡುತ್ತಿದ್ದಾಳೆ. ಇವತ್ತು ಸಾಕ್ಸಿನ ಬಣ್ಣ ಸರಿಯಿಲ್ಲ. ನಾನು ಹೆಣೆಯುವುದನ್ನು ಅಲ್ಲಿಗೇ ಬಿಟ್ಟು ಓಡಬೇಕು. ಮಿಸ್ ಯೂಲಾ ಎಂದು ನನ್ನ ಹಳೆಯ ಗಿರಾಕಿ, ಚರ್ಚಿನ ಹಿರಿಯಳು. ಒಂದು ದಿನ ಅವಳ ಎಡಗಡೆ ಮುಗಿದಿತ್ತು, ಬಲಗಡೆ ಬಿಚ್ಚಿ ಹರಡಿತ್ತು. ಫೋನು ಬಂತು. ನಾನು ಹೋಗಿ ಬರುವಷ್ಟರಲ್ಲಿ ಯಾರದೋ ಸಾವಿನ ಪ್ರಾರ್ಥನೆಗೆ ಹೊತ್ತಾಯಿತೆಂದು ಅವಳು ಹಾಗೇ ಎದ್ದು ಹೋಗಿದ್ದಳು. ಅರ್ಧ ತಲೆ ಹೆಣೆದು ಅರ್ಧ ತಲೆ ಕೆದರಿದ ಮಿಸ್ ಯೂಲಾಳನ್ನು ಕಂಡು ಹೆಣದ ಮನೆಯವರೂ ನಕ್ಕರಂತೆ. ಅದರ ಮುಂದಿನ ವಾರ ಬಂದು ಕೂತವಳು ನನಗೆ ಹೇಳಿದಳು:

"ವರ್ಡೀನ್, ನಿನ್ ಮೊಮ್ಮಗಳನ್ನ ಆ ಶಾಲೆಗೆ ಸೇರ್ಸಿದ್ದು ಓದೋಕಾ, ಇಲ್ಲಾ ದಿನಾ ವಾಪಸ್ ತರೋಕಾ?"

ನಗುತ್ತ ಕೇಳಿದಳು. ನನಗೆ ನಗು ಬರಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಮಗು ಮನೆಯಲ್ಲೂ ಗುಳ್ಳೆ ಹಿಡಿಯತೊಡಗಿತ್ತು. ಊಟಕ್ಕೆ ಕೂತರೆ ಕೆನ್ನೆ ಉಬ್ಬಿರುತ್ತಿತ್ತು. ಟಿವಿ ಮುಂದೆ ಕೂತರೂ ಉಬ್ಬಿರುತ್ತಿತ್ತು. ಮಲಗಿದಾಗ ನೋಡಿದರೆ ನಿದ್ದೆಯಲ್ಲೂ ಕೆನ್ನೆ ಉಬ್ಬಿತ್ತು. ಗುನುಗು ನಿಂತೇ ಹೋಗಿತ್ತು. ಗುನುಗು ನಿಂತ ಮೇಲೆ ಮಾತೂ ನಿಂತಿತು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಲಾವೊನ್ ಭಾನುವಾರ ಬಂದು ಅಮ್ಮ ಅನ್ನು, ಒಂದು ಸಲ ಅನ್ನು ಎಂದು ಗೋಗರೆದಳು. ಮಗು ಕೆನ್ನೆ ಉಬ್ಬಿಸಿ ಅವಳನ್ನೇ ನೋಡಿತು.

ಪ್ರಿನ್ಸಿಪಾಲ್ ಹಾಲೋವೇ ನನ್ನನ್ನು ಕರೆಸಿದ. ಮೂವತ್ತು ದಾಟಿರದ ಬಿಳಿ ಹುಡುಗ. ಕೋಟಿನ ಕೆಳಗೆ ಓಟದ ಬೂಟು. ಯಾರ ಜೊತೆ ಮಾತಾಡಿದರೂ ಮಂಡಿಯೂರಿ ಕೂತು, ಕಣ್ಣಿಗೆ ಕಣ್ಣು ಸೇರಿಸಿ ಮಾತಾಡುತ್ತಾನೆ. ಎಲ್ಲಿಯೋ ತರಬೇತಿ ಆಗಿರಬೇಕು. ನನ್ನ ಮುಂದೆಯೂ ಮಂಡಿಯೂರಿದ. ಕಿಯೊನಾ ಅದ್ಭುತ ಮಗು ಅಂದ. ನಾವು ಅವಳನ್ನು ಕಳಿಸುತ್ತಿಲ್ಲ, ಎಂದೂ ಯಾರನ್ನೂ ಕಳಿಸುವುದಿಲ್ಲ ಅಂದ. ಆದರೆ ಈ ಶಾಲೆ ಅವಳಿಗೆ ಹೊಂದುತ್ತದೆಯೇ ಎಂದು ನೀವೇ ಯೋಚಿಸಿ ಅಂದ. ಅವಳಂಥ ಮಕ್ಕಳಿಗೆ ಬೇಕಾದ ಮೇಡಂ ನಮ್ಮಲ್ಲಿಲ್ಲ, ಕೆಳಗಿನ ಶಾಲೆಯಲ್ಲಿ ಇದ್ದಾರೆ, ಮೆಟ್ಟಿಲು ಇಳಿದರೆ ಆಯಿತು ಅಂದ. ದಿನಾ ಫೋನು ಮಾಡುವುದು ನಮಗೂ ಕಷ್ಟ ಅಂದ. ಆ ಕೊನೆಯ ಮಾತು ನನಗೆ ಚೆನ್ನಾಗಿ ಅರ್ಥವಾಯಿತು.

ಹೀಗೆ ಕಿಯೊನಾ ಇಳಿದಳು. ಅದೇ ಕಟ್ಟಡ, ಅದೇ ಮಗು. ಫಲಿತಾಂಶ ಮಾತ್ರ ಬೇರೆಯವರ ಖಾತೆಗೆ.

ಇಳಿದ ಮೇಲೆ ನೋಡಿದರೆ ಅವಳೊಬ್ಬಳೇ ಅಲ್ಲ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡ ಜೋಶೆಲ್, ಸಾಲಿನಲ್ಲಿ ನಿಧಾನ ಎಂದು ಇಳಿದವಳು. ಹೊಂಡುರಾಸಿನ ಎಲ್ಮರ್, ಅದು ಹೇಗೋ ಲಾಟರಿಯಲ್ಲಿ ಗೆದ್ದು ಬಂದವನು, ಇಂಗ್ಲಿಷ್ ತಿಳಿಯದೆ "ಬಿಡಿ" ಅಂದಾಗಲೂ ಗುಳ್ಳೆ ಬಿಡದೆ ಇಳಿದವನು. ಆಶ್ರಯಕೇಂದ್ರದ ಮಕ್ಕಳು, ತಡವಾಗಿ ಬಂದರೆಂದು ಇಳಿದವರು. ಪರೀಕ್ಷೆಗೆ ಮೊದಲಂತೂ ಮಳೆ ಬಿದ್ದ ಹಾಗೆ ಇಳಿಯುತ್ತಾರೆ. ಖಾಲಿಯಾದ ಕುರ್ಚಿಯಲ್ಲಿ ಮೇಲಿನವರು ಬೇರೆ ಮಗುವನ್ನು ಕೂರಿಸುವುದಿಲ್ಲ. ಎಳೆ ಸೊಪ್ಪನ್ನೆಲ್ಲ ತಾನು ಆರಿಸಿಕೊಂಡು, ಬಲಿತ ದಂಟನ್ನೆಲ್ಲ ಪಕ್ಕದ ಮನೆಯ ಪಾತ್ರೆಗೆ ಸುರಿದು, ನನ್ನ ಸೊಪ್ಪು ಎಷ್ಟು ಬೇಗ ಬೆಂತು ನೋಡಿ ಅನ್ನುವ ಹೆಂಗಸನ್ನು ನಾನು ಎಂದೂ ಕಂಡಿಲ್ಲ. ಕಂಡಿದ್ದರೆ ಸೌಟಿನಲ್ಲಿ ಬಾರಿಸುತ್ತಿದ್ದೆ. ಈ ಜನ ಅದನ್ನೇ ಮಾಡಿ ಬ್ಯಾನರು ಕಟ್ಟಿದ್ದಾರೆ.

ಕೆಳಗೆ ಸ್ವರ್ಗವೇನೂ ಇರಲಿಲ್ಲ. ತರಗತಿ ಕುರಿದೊಡ್ಡಿಯ ಹಾಗೆ ಕಿಕ್ಕಿರಿದಿತ್ತು. ಮಾತು ಕಲಿಸುವ ಮೇಡಂ ವಾರಕ್ಕೊಂದು ದಿನ ಬರುತ್ತಿದ್ದಳು, ಉಳಿದ ದಿನ ಬೇರೆ ಶಾಲೆಗಳಿಗೆ ಓಡುತ್ತಿದ್ದಳು. ಆದರೆ ಅಲ್ಲಿ ಮಿಸ್ ಪೆಟ್ಟಿವೇ ಎಂಬ ಮೇಡಂ ಇದ್ದಳು, ಗಂಟಲು ದೊಡ್ಡದು, ಸೀರಿಯಸ್ಸಾಗಿ ಬೈಯುವವಳು. ಮೊದಲ ದಿನವೇ ಅವಳು ಕಿಯೊನಾಳ ಉಬ್ಬಿದ ಕೆನ್ನೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ, ಇಲ್ಲಿ ಉಸಿರಾಡೋಕೆ ಯಾರೂ ಬೈಯಲ್ಲ ಅಂದಳಂತೆ. ಗಾಳಿ ಪುಸ್ಸೆಂದು ಹೋಯಿತು. ಗುನುಗು ಮರಳಲು ತಿಂಗಳುಗಳೇ ಹಿಡಿದವು. ಒಂದು ಸಂಜೆ ಅಂಗಡಿಯಲ್ಲಿ ಮಣಿ ಡಬ್ಬಿಯ ಮುಂದೆ ಕೂತು ಮೂಗಿನಲ್ಲೇ ಸಣ್ಣಗೆ ಎಳೆದಳು. ನಾನು ಯಾರದೋ ತಲೆ ಹಿಡಿದುಕೊಂಡೇ ಅತ್ತೆ. ಆ ಗಿರಾಕಿ ತನಗೆ ನೋವಾಗುತ್ತಿದೆ ಅಂದರೂ ಕೈ ಸಡಿಲ ಮಾಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನೂ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೇನೋ. ನಿಲ್ಲಲಿಲ್ಲ. ಮಾರ್ಚಿನಲ್ಲಿ ಹಾಲೋವೇ ರಸ್ತೆ ದಾಟಿ ನನ್ನ ಅಂಗಡಿಗೇ ಬಂದ. ಬಂದವನು ಕೂದಲು ಬಿದ್ದ ನೆಲದ ಮೇಲೆ ಮಂಡಿಯೂರಿದ. ಮಿಸ್ ಯೂಲಾ ಕುರ್ಚಿಯಲ್ಲಿದ್ದಳು. ಮದುವೆ ಕೇಳೋಕೆ ಬಂದಿದಾನಾ ಎಂದು ನನ್ನ ಕಿವಿಯಲ್ಲಿ ಅಂದಳು.

ವಿಷಯ ಇಷ್ಟು. ಮೇಲಿನ ಶಾಲೆಯ ಪರವಾನಗಿ ಮುಗಿಯುತ್ತಿತ್ತು. ಅದನ್ನು ಮುಂದುವರಿಸಬೇಕಾದರೆ ಮೇಲಿನವರಿಗೂ ಮೇಲಿನವರು ಬಂದು ನೋಡಬೇಕು. ಅವರು ಈ ಸಲ ಒಂದು ಕುಹಕದ ಪ್ರಶ್ನೆ ಕೇಳಿದ್ದರು: ಒಂದೇ ಕಟ್ಟಡ ಅನ್ನುತ್ತೀರಿ, ಒಂದೇ ಬೀದಿ ಅನ್ನುತ್ತೀರಿ, ಹಾಗಾದರೆ ವಿಶೇಷ ಅಗತ್ಯದ ಮಕ್ಕಳು, ಇಂಗ್ಲಿಷ್ ಬಾರದ ಮಕ್ಕಳು, ಮನೆಯಿಲ್ಲದ ಮಕ್ಕಳೆಲ್ಲ ಕೆಳಗಿನ ಅಂತಸ್ತಿನಲ್ಲೇ ಯಾಕೆ ಹುಟ್ಟುತ್ತಾರೆ? ಸೋಮವಾರ ಭೇಟಿ. ಅಷ್ಟರೊಳಗೆ ಹಾಲೋವೇಗೆ ಅಂಥ ಮಕ್ಕಳು ಬೇಕಾಗಿದ್ದರು. ಕಿಯೊನಾ ಬೇಕಾಗಿದ್ದಳು. ಜೋಶೆಲ್, ಎಲ್ಮರ್ ಇಬ್ಬರ ಮನೆಗೂ ಹೋಗಿ ಬಂದಾಗಿತ್ತು.

"ಮಿಸ್ ವರ್ಡೀನ್, ನಮ್ಮಿಂದ ತಪ್ಪಾಗಿದೆ. ಕಿಯೊನಾ ನಮ್ಮ ಮಗು. ವಾಪಸ್ ಕೊಡಿ. ಮಾತು ಕಲ್ಸೋ ಮೇಡಂ ಅವಳಿಗೆ ದಿನಾ ಸಿಗ್ತಾರೆ, ನಾನ್ ಗ್ಯಾರಂಟಿ."

ದಿನಾ ಎಂಬ ಮಾತು ನನ್ನನ್ನು ಹಿಡಿಯಿತು. ಆಸೆ ಕೆಟ್ಟದ್ದು. ವಾರಕ್ಕೊಂದು ದಿನ ಸಿಗುವುದು ದಿನಾ ಸಿಕ್ಕರೆ ಮಗುವಿನ ಬಾಯಿ ಬಿಚ್ಚುತ್ತದೆ. ಹೊಸ ಹೆಜ್ಜೆ, ಹೈಸ್ಕೂಲು, ಕಾಲೇಜು, ನನ್ನ ಬೆರಳಿನ ಹಾಗೆ ಊದದ ಬೆರಳು. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಕಣ್ಣಿಗೆ ಕಂಡಿತು. ಯೋಚಿಸುತ್ತೇನೆ ಅಂದೆ. ಅವನು ಎದ್ದು ಮಂಡಿಯ ಕೂದಲು ಕೊಡವಿಕೊಂಡ. ಬಾಗಿಲ ಹತ್ತಿರ ಹೋದವನು ತಿರುಗಿದ.

"ಅವತ್ತು ಮಣಿ ಹಾಕಿದ್ರೂ ಪರವಾಗಿಲ್ಲ. ನೋಡೋಕೆ ಚೆನ್ನಾಗಿರುತ್ತೆ. ಫೋಟೋ ತೆಗೀತಾರೆ."

"ಅವತ್ತು ಮಾತ್ರಾನಾ?" ಎಂದು ಕೇಳಿದೆ.

"ಅವತ್ತು ಮಾತ್ರ," ಅಂದ. ಅದರಲ್ಲಿ ತಪ್ಪಿದೆ ಎಂಬ ಅರಿವು ಅವನ ಮುಖದಲ್ಲಿ ಎಲ್ಲೂ ಇರಲಿಲ್ಲ.

ಅವನು ಹೋದ ಮೇಲೆ ಮಿಸ್ ಯೂಲಾ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ, ಅಲಂಕಾರಕ್ಕೆ ಬೇಕಾದಾಗ ಎತ್ತೋದು, ಆಮೇಲೆ ಇಳ್ಸೋದು, ನಮ್ ಮಕ್ಕಳೇನು ಕ್ರಿಸ್‌ಮಸ್ ಮರದ ಗುಂಡುಗಳಾ ಎಂದಳು. ಲಾವೊನ್ ಫೋನಿನಲ್ಲಿ ಕಳಿಸು ಅಮ್ಮ, ದಿನಾ ಮೇಡಂ ಸಿಕ್ಕರೆ ಸಾಕು ಅಂದಳು. ಕಿಯೊನಾಳನ್ನು ಕೇಳಿದೆ. ಅವಳು ಕೆನ್ನೆ ಉಬ್ಬಿಸಲಿಲ್ಲ. ಸ್ವಲ್ಪ ಗುನುಗಿ, ನೀನೂ ಬರ್ತೀಯಾ ಅಂದಳು. ಬರುತ್ತೇನೆ ಅಂದೆ. ಹಾಲೋವೇಗೆ ಅದು ಇನ್ನೂ ಸಂತೋಷ. ಅವನಿಗೆ ಸಂತುಷ್ಟ ಪೋಷಕರೂ ಬೇಕಾಗಿದ್ದರು.

ಶನಿವಾರ ಮಣಿಯ ಡಬ್ಬಿ ತೆಗೆದೆ. ಕಿಯೊನಾಳಿಗಷ್ಟೇ ಹಾಕಿ ಮುಗಿಸಲಿಲ್ಲ. ಅಂದು ನನ್ನ ಮಂಡಿಗಳ ನಡುವೆ ಕೂತ ಮೇಲಿನ ಶಾಲೆಯ ಪ್ರತಿ ತಲೆಗೂ ಹಾಕಿದೆ. ಭೇಟಿ ಇದೆ, ತಲೆ ನೀಟಾಗಿರಲಿ ಎಂದು ಶಾಲೆಯವರೇ ಹೇಳಿ ಕಳಿಸಿದ್ದರಿಂದ ಬೀದಿಯ ಮಕ್ಕಳೆಲ್ಲ ಬಂದಿದ್ದರು. ಮಣಿ ಬೇಕಾ ಎಂದು ತಾಯಂದಿರನ್ನು ಕೇಳಿದೆ. ಅವತ್ತಿಗೆ ಪ್ರಿನ್ಸಿಪಾಲರದ್ದೇ ಅಪ್ಪಣೆ ಇದೆ ಅಂದೆ. ಒಬ್ಬಳ ದೊಡ್ಡ ಮಗಳು ಮೇಲಿದ್ದರೆ ಸಣ್ಣ ಮಗ ಕೆಳಗೆ ಇಳಿದಿದ್ದ. ಇನ್ನೊಬ್ಬಳ ತಂಗಿಯ ಮಗ ಇಳಿದಿದ್ದ. ಬೇಡ ಅಂದವರು ಯಾರೂ ಇಲ್ಲ. ಜಡೆ ಬಿಟ್ಟ ಗಂಡುಹುಡುಗರೂ ನನಗೂ ಎಂದು ಕೂತರು. ಕತ್ತಲಾಗುವಷ್ಟರಲ್ಲಿ ಡಬ್ಬಿ ಖಾಲಿ. ನನ್ನ ಬೆರಳು ಮಡಚಲು ಬರುತ್ತಿರಲಿಲ್ಲ. ಕೂಲಿ ಯಾರಿಂದಲೂ ತೆಗೆದುಕೊಳ್ಳಲಿಲ್ಲ.

ಸೋಮವಾರ. ಮೇಲಿನ ಅಂತಸ್ತಿನ ಕಾರಿಡಾರಿನಲ್ಲಿ ನನ್ನ ಎದೆಗೆ ಪೋಷಕರು ಎಂದು ಬರೆದ ಒಂದು ಹಳದಿ ಚೀಟಿ ಅಂಟಿಸಿ ಗೋಡೆಗೆ ನಿಲ್ಲಿಸಿದರು. ಭೇಟಿಗೆ ಬಂದವರು ಮೂವರು. ಇಬ್ಬರು ಗಂಡಸರು, ಒಬ್ಬಳು ನಮ್ಮವಳೇ, ವಯಸ್ಸಾದ ಕಪ್ಪು ಹೆಂಗಸು, ಮಿಸೆಸ್ ಗ್ಯಾಡ್ಸನ್ ಎಂದು. ದಪ್ಪ ಕನ್ನಡಕ, ಅಗಲ ಪಾದಕ್ಕೆ ಅಗಲ ಬೂಟು. ಜೀವಮಾನವೆಲ್ಲ ಪಾಠ ಹೇಳುತ್ತ ನಿಂತ ಕಾಲು ಅವು, ನಿಂತು ದುಡಿದ ಕಾಲು ನನಗೆ ಗೊತ್ತಾಗುತ್ತದೆ.

"ಗುಳ್ಳೆ," ಎಂದಳು ಮೇಡಂ. ಕೆನ್ನೆಗಳು ಉಬ್ಬಿದವು. ಸಾಲು ಹೊರಟಿತು. ಬಾಯಿ ಯಾರೂ ತೆರೆಯಲಿಲ್ಲ, ಆದರೆ ಮಣಿಗಳು ಸುಮ್ಮನಿರಲಿಲ್ಲ. ಅಷ್ಟು ತಲೆಗಳ ಅಷ್ಟು ಮಣಿಗಳು ಹೆಜ್ಜೆಹೆಜ್ಜೆಗೂ ಚಟಪಟ ಅನ್ನುತ್ತ ಇಡೀ ಕಾರಿಡಾರು ಹುರಿಯುವ ಜೋಳದ ಬಾಣಲೆಯಂತಾಯಿತು. ಹಾಲೋವೇ ಮುಖ ಬಿಳಿಚಿತು. ಇದ್ದ ಬಿಳಿಯ ಮೇಲೆ ಇನ್ನೊಂದು ಬಿಳಿ. ಯಾರನ್ನು ಮನೆಗೆ ಕಳಿಸುತ್ತಾನೆ? ಕಳಿಸಿದರೆ ತೋರಿಸಲು ಯಾರೂ ಉಳಿಯುವುದಿಲ್ಲ. ಹಲ್ಲುಕಿರಿದು ಬಂದವರ ಕಡೆ ತಿರುಗಿ, ಇದು ನಮ್ಮ ಸಂಸ್ಕೃತಿ ಉತ್ಸವ ಅಂದ. ಇಬ್ಬರು ಗಂಡಸರು ತಲೆಯಾಡಿಸಿದರು. ಒಬ್ಬ ಫೋಟೋ ತೆಗೆದ.

ಅವನು ಮುಂದುವರಿಸಿದ. ಇವಳು ಕಿಯೊನಾ, ಮಾತಿನ ತೊಂದರೆ ಇದ್ದರೂ ಅರಳುತ್ತಿದ್ದಾಳೆ. ಇವಳು ಜೋಶೆಲ್. ಇವನು ಎಲ್ಮರ್, ಎರಡು ಭಾಷೆಯ ಪ್ರತಿಭೆ. ಮೂವರೂ ಸಾಲಿನ ಮುಂದೆ ಇದ್ದರು. ಹೂವಿನ ಕುಂಡಗಳನ್ನು ಮುಂದಿಟ್ಟ ಹಾಗೆ ಇಟ್ಟಿದ್ದರು.

ಆಗ ಕೆಳಗೆ ಗಂಟೆ ಹೊಡೆಯಿತು. ಹತ್ತೂಕಾಲು. ಕೆಳಗಿನ ಶಾಲೆಯ ಆ ಹಳೆಯ ಗಂಟೆ ಗೋಡೆ, ನೆಲ, ಮೆಟ್ಟಿಲು ಎಲ್ಲವನ್ನೂ ಹಾದು ಮೇಲಕ್ಕೆ ಬರುತ್ತದೆ. ಮೇಲಿನ ಮಕ್ಕಳು ಅಲುಗಲಿಲ್ಲ, ಅದು ಅವರ ಗಂಟೆಯಲ್ಲ. ಕಿಯೊನಾ ಸಾಲಿನಿಂದ ಹೊರಗೆ ಬಂದಳು. ಅವಳ ಹಿಂದೆ ಎಲ್ಮರ್ ಬಂದ. ಜೋಶೆಲ್ ಪಟ್ಟಿಯ ಕಾಲು ಎಳೆಯುತ್ತ ಬಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಹೊಟ್ಟೆ ಹೇಳಿತು, ಕಾಲು ಕೇಳಿತು. ಮೂವರೂ ಕೆನ್ನೆ ಉಬ್ಬಿಸಿಕೊಂಡೇ, ಕೈ ಬೆನ್ನ ಹಿಂದೆ ಕಟ್ಟಿಕೊಂಡೇ, ಸಾಲು ಮಾಡಿ ಮೆಟ್ಟಿಲ ಕಡೆ ನಡೆದರು.

ಮಿಸೆಸ್ ಗ್ಯಾಡ್ಸನ್ ಅಡ್ಡ ಬಂದು ಬಗ್ಗಿದಳು. "ಎಲ್ಲಿಗ್ ಹೊರಟ್ರಿ, ಕಂದಾ?"

ಕಿಯೊನಾ ನಿಂತಳು. ಬಾಯಿ ತುಂಬ ಗಾಳಿ. ಬಿಡಿ ಅನ್ನುವವರೆಗೆ ಬಿಡುವಂತಿಲ್ಲ. ಅವಳು ಹಾಲೋವೇ ಕಡೆ ನೋಡಿದಳು.

"ಬಾತ್‌ರೂಮಿಗೆ ಇರ್ಬೇಕು," ಅಂದ ಅವನು.

"ನಾನು ಮಗುನ ಕೇಳ್ದೆ," ಅಂದಳು ಮಿಸೆಸ್ ಗ್ಯಾಡ್ಸನ್.

ಅವನು ಬಿಡು ಅನ್ನಲಿಲ್ಲ. ಮೇಡಂ ಅನ್ನಲಿಲ್ಲ. ಮಗುವಿನ ಕಣ್ಣಲ್ಲಿ ನೀರು ತುಂಬಿತು, ಕೆನ್ನೆ ನಡುಗಿತು, ಆದರೂ ಗಾಳಿ ಹಿಡಿದೇ ಇತ್ತು. ಅಷ್ಟು ಚೆನ್ನಾಗಿ ಕಲಿಸಿದ್ದರು. ಹಾಲೋವೇ ನನ್ನ ಕಡೆ ನೋಡಿದ. ಆ ನೋಟದಲ್ಲಿ ಎಲ್ಲವೂ ಇತ್ತು: ದಿನಾ ಮೇಡಂ, ಹೈಸ್ಕೂಲು, ಕಾಲೇಜು, ಊದದ ಬೆರಳು. ನಾನು ಸುಮ್ಮನಿದ್ದರೆ ಸಾಕಿತ್ತು. ನಾನು ಕೂಡ ಅಷ್ಟು ದಿನವೂ ಬಾಯಲ್ಲಿ ಗಾಳಿ ತುಂಬಿಕೊಂಡೇ ಇದ್ದೆ ಅಂತ ಆಗ ಗೊತ್ತಾಯಿತು.

"ಬಿಡು ಕಂದಾ," ಅಂದೆ. "ಉಸಿರು ಬಿಡು. ನಾನ್ ಹೇಳ್ತಿದೀನಿ."

ಬಿಟ್ಟಳು. ಮೊದಲು ಗಾಳಿ ಬಂತು. ಆಮೇಲೆ ಗುನುಗು ಬಂತು, ನನ್ನ ಅಮ್ಮನದ್ದು, ಉದ್ದಕ್ಕೆ. ಮಿಸೆಸ್ ಗ್ಯಾಡ್ಸನ್ ಬಗ್ಗಿದವಳು ಬಗ್ಗಿಯೇ ಕಾದಳು. ಗುನುಗಿನ ಬೆನ್ನಿಗೆ ಮಾತು ಬಂತು.

"ಊಟಕ್ಕೆ."

"ಈಗಿನ್ನೂ ಹತ್ತೂಕಾಲು ಕಂದಾ."

"ನಾವು ಕೆಳಗಿನ ಶಾಲೆ. ನಮ್ಗೆ ಈಗ್ಲೇ ಊಟ. ಹನ್ನೆರಡು ಗಂಟೆ ಇವ್ರದ್ದು."

"ಮತ್ತೆ ಇಲ್ಲಿ ಹೆಂಗೆ ಬಂದ್ರಿ?"

ಕಿಯೊನಾ ಮತ್ತೆ ಸ್ವಲ್ಪ ಗುನುಗಿದಳು. "ಇವತ್ತು ತಂದಿದಾರೆ. ನೀವು ನೋಡ್ಲಿ ಅಂತ."

ಸಾಲಿನಲ್ಲಿ ಯಾರದೋ ಗುಳ್ಳೆ ಒಡೆಯಿತು. ನಗುವೋ ಉಸಿರೋ ತಿಳಿಯದು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡುನೋಡುತ್ತಿದ್ದಂತೆ ಇಡೀ ಸಾಲು ಗಾಳಿ ಬಿಟ್ಟು ನಕ್ಕಿತು, ಮಣಿಗಳು ಕುಣಿದವು. ಮಿಸೆಸ್ ಗ್ಯಾಡ್ಸನ್ ನೆಟ್ಟಗೆ ನಿಂತು, ನಾನೂ ಇವರ ಜೊತೆ ಊಟಕ್ಕೆ ಹೋಗಿ ಬರ್ತೀನಿ ಅಂದಳು. ಮೂವರು ಮಕ್ಕಳೂ ಅವಳೂ ಹಳದಿ ಮೆಟ್ಟಿಲಲ್ಲೇ ಇಳಿದರು. ನಾನು ಎದೆಯ ಚೀಟಿ ಕಿತ್ತು ಆ ಮೆಟ್ಟಿಲಿನ ಕಂಬಿಗೆ ಅಂಟಿಸಿ ಅವರ ಹಿಂದೆ ನಡೆದೆ.

ಇದರಿಂದ ಮೇಲಿನ ಶಾಲೆ ಮುಚ್ಚಿತು ಎಂದು ತಿಳಿಯಬೇಡಿ. ಪರವಾನಗಿ ಸಿಕ್ಕಿತು. ಐದು ವರ್ಷಕ್ಕೆ ಕೇಳಿದ್ದರು, ಮೂರು ವರ್ಷಕ್ಕೆ ಕೊಟ್ಟರು. ಕೆಳಗೆ ಇಳಿಯುವ ಮಕ್ಕಳ ಸಂಖ್ಯೆಯ ಬಗ್ಗೆ ಗಮನ ಹರಿಸಿ ಎಂದು ಬುದ್ಧಿ ಹೇಳಿದರು. ಗಮನ ಹರಿಸುತ್ತಿದ್ದಾರೆ. ಬ್ಯಾನರು ಈಗಲೂ ಅಲ್ಲೇ ಇದೆ. ಕಿಯೊನಾ ಮಿಸ್ ಪೆಟ್ಟಿವೇ ತರಗತಿಗೆ ಮರಳಿದಳು, ಮಾತಿನ ಮೇಡಂ ಅವಳಿಗೆ ಇನ್ನೂ ವಾರಕ್ಕೊಂದೇ ದಿನ. ಅದರ ಸಿಟ್ಟು ನನಗೆ ಇನ್ನೂ ಆರಿಲ್ಲ, ಆರುವುದೂ ಇಲ್ಲ.

ಆದರೆ ಮಂಗಳವಾರದ ಮಾತು ಹೇಳದಿದ್ದರೆ ಕಥೆ ಮುಗಿಯದು. ಅವತ್ತು ಮಾತ್ರ ಅಂದಿದ್ದ ಮಣಿ ಮಂಗಳವಾರವೂ ತಲೆಗಳ ಮೇಲಿತ್ತು. ಯಾವ ತಾಯಿಯೂ ತೆಗೆಯಲಿಲ್ಲ. ತೆಗೆಯುವುದು ಬೇಡ, ಫೋನು ಬಂದರೆ ಎತ್ತುವುದೂ ಬೇಡ ಎಂದು ಹಿಂದಿನ ಸಂಜೆ ಇದೇ ಅಂಗಡಿಯಲ್ಲಿ ಮಾತಾಗಿತ್ತು. ಮಾತು ಎತ್ತಿದವಳು ಮಿಸ್ ಯೂಲಾ, ಮಕ್ಕಳು ಮೊಮ್ಮಕ್ಕಳು ಯಾರೂ ಇಲ್ಲದವಳು. ಬೆಳಗ್ಗೆ ಅವಳು ಕುರ್ಚಿಯಲ್ಲಿದ್ದಳು, ಎಡಗಡೆ ಮುಗಿದಿತ್ತು. ಕೆಲಸಕ್ಕೆ ರಜೆ ಹಾಕಿದ ತಾಯಂದಿರು ಬೆಂಚಿನ ಮೇಲೆ ಕೂತಿದ್ದರು. ಮೊದಲು ಒಬ್ಬಳ ಫೋನು ಬಡಿದುಕೊಂಡಿತು. ಆಮೇಲೆ ಇನ್ನೊಬ್ಬಳದು. ಆಮೇಲೆ ಕೈಚೀಲಗಳಲ್ಲಿ, ಕೋಟಿನ ಜೇಬುಗಳಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಎಲ್ಲವೂ ಒಟ್ಟಿಗೆ. ಬಂದು ಮಗುವನ್ನು ಕರೆದುಕೊಂಡು ಹೋಗಿ. ಕಿಯೊನಾಳ ಹೆಸರನ್ನು ತಮ್ಮ ಪಟ್ಟಿಯಿಂದ ತೆಗೆಯಲು ಮರೆತಿದ್ದರೋ ಏನೋ, ನನ್ನದೂ ಬಡಿದುಕೊಂಡಿತು.

ಒಬ್ಬ ತಾಯಿಯ ಕೈ ತಾನಾಗಿ ಫೋನಿನ ಕಡೆ ಹೋಯಿತು. ಪಕ್ಕದವಳು ಆ ಕೈ ಹಿಡಿದುಕೊಂಡಳು, ಬಿಡಲಿಲ್ಲ.

"ಬಡ್ಕೊಳ್ಳಿ ಬಿಡು," ಅಂದಳು ಮಿಸ್ ಯೂಲಾ. "ವರ್ಡೀನ್, ನೀನು ಬಲಗಡೆ ಮುಗ್ಸು."

ಮುಗಿಸಿದೆ. ಮಧ್ಯಾಹ್ನದವರೆಗೆ ಬಡಿದುಕೊಂಡ ಫೋನುಗಳು ಆಮೇಲೆ ಸುಮ್ಮನಾದವು. ನಾಲ್ಕು ಗಂಟೆಗೆ ಹಳದಿ ಮೆಟ್ಟಿಲಿನ ಬಾಗಿಲು ತೆರೆಯಿತು, ಚಟಪಟ ಸದ್ದು ಬೀದಿಗೆ ಬಂತು. ತಾಯಂದಿರು ರಸ್ತೆ ದಾಟಿ ಹೋಗಿ ಒಂದೊಂದೇ ತಲೆ ಎಣಿಸಿಕೊಂಡರು. ಬೆಳಗ್ಗೆ ಮೇಲಿನ ಶಾಲೆಗೆ ಹತ್ತಿದ ಮಕ್ಕಳೆಲ್ಲ ಸಂಜೆಯವರೆಗೂ ಮೇಲಿನ ಶಾಲೆಯಲ್ಲೇ ಉಳಿದದ್ದು ಅದೇ ಮೊದಲು.